ನಲವತ್ತು ಲಕ್ಷದ ಕಾರು

ಅಪ್ಪ ತೀರಿಕೊಂಡು ವರ್ಷ ಕಳೆದ ಮೇಲೆ ಅಣ್ಣ ಪಾಲಿನ ಮಾತು ಎತ್ತಿದ. ಒಂದು ಭಾನುವಾರ ಬೆಳಿಗ್ಗೆ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ತನ್ನ ಮನೆಗೆ ನನ್ನನ್ನು ಕರೆಸಿದ. ನಾನು ಸರಸ್ವತಿ ನಗರದಿಂದ ಸ್ಕೂಟರಿನಲ್ಲಿ ಹೋದೆ. ನನ್ನ ಗಂಡ ಬರಲಿಲ್ಲ. "ಅದು ನಿನ್ನ ತವರಿನ ವಿಷಯ. ನಾನು ಬಾಯಿ ಹಾಕಿದ್ರೆ, ಅಳಿಯ ಕುಣಿಸ್ತಾನೆ ಅಂತಾರೆ. ನೀನೇ ಮಾತಾಡು, ನಿನಗೇನು ಬಾಯಿಲ್ವಾ" ಎಂದಿದ್ದರು.

ಅಣ್ಣನ ಮನೆಯ ಹಾಲಿನಲ್ಲಿ ಹಿರಿಯರ ಪರವಾಗಿ ನಮ್ಮ ಸೋದರಮಾವ ಕೂತಿದ್ದರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಯಾವ ಕಾಗದವನ್ನೂ ಎರಡು ಸಲ ಓದದೆ ಕೆಳಗಿಡುವ ಜನವಲ್ಲ. ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

ಅಮ್ಮ ಮೊದಲೇ ತೀರಿಕೊಂಡಿದ್ದರು, ಅಪ್ಪ ಉಯಿಲು ಬರೆದಿರಲಿಲ್ಲ. ಅವರು ಬಿಟ್ಟುಹೋದದ್ದು ಹಳೇ ಪೇಟೆಯ ಒಂದು ಅಂಗಡಿ, ಕುಕ್ಕುವಾಡದಲ್ಲಿ ಮೂರು ಎಕರೆ ಗದ್ದೆ, ಆ ಗದ್ದೆಯ ಶೆಡ್ಡಿನಲ್ಲಿ ಧೂಳು ತಿನ್ನುತ್ತಾ ನಿಂತಿದ್ದ ಅಮೆರಿಕದ ಕಾರು, ಇಷ್ಟೇ. ಹತ್ತಿ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡ ಕಾಲದಲ್ಲಿ ಅಪ್ಪ ಅದನ್ನು ಊರಿನ ಗಿರಣಿ ಮಾಲೀಕರೊಬ್ಬರಿಂದ ಕೊಂಡಿದ್ದರು. ಆಗಲೇ ಅದು ಹಳೆಯದು. ಹಿಂದೆ ಎರಡು ರೆಕ್ಕೆ, ಮುಂದೆ ಹಲ್ಲು ಕಿರಿದಂತೆ ಬೆಳ್ಳಿ ಬಣ್ಣದ ಜಾಲರಿ, ಮಂಚದಷ್ಟು ಅಗಲದ ಸೀಟು.

ಅಣ್ಣ ಒಂದು ಹಾಳೆ ಮುಂದೆ ತಳ್ಳಿದ. "ಅಂಗಡಿ, ಗದ್ದೆ ನನಗೆ. ಕಾರು ನಿನಗೆ."

ನಾನು ನಕ್ಕೆ. ತಮಾಷೆ ಎಂದುಕೊಂಡಿದ್ದೆ.

"ನಗಬ್ಯಾಡ. ಅದರ ರೇಟ್ ಮೊದ್ಲು ನೋಡು."

ಆ ಹಾಳೆಯ ಹಿಂದೆ ಒಂದು ಬಣ್ಣದ ಪ್ರಿಂಟ್ ಇತ್ತು. ಇಂಟರ್ನೆಟ್ಟಿನಿಂದ ತೆಗೆಸಿದ್ದು. ಅದೇ ಮಾದರಿಯ ಕಾರು ಅಮೆರಿಕದ ಯಾವುದೋ ಊರಿನಲ್ಲಿ, ಕತ್ತರಿಸಿದ ಹುಲ್ಲಿನ ಮೇಲೆ ಮದುಮಗನ ಹಾಗೆ ನಿಂತಿತ್ತು. ಕೆಳಗೆ ಡಾಲರಿನಲ್ಲಿ ಬೆಲೆ. ಅದರ ಪಕ್ಕದಲ್ಲಿ ಅಣ್ಣ ಪೆನ್ನಿನಲ್ಲಿ ಗುಣಿಸಿ ಬರೆದಿದ್ದ: ನಲವತ್ತು ಲಕ್ಷ.

"ಗದ್ದೆಗೂ ಅಂಗಡಿಗೂ ಯಾವ ರೇಟ್ ಹಾಕಿದೀಯ?" ಎಂದೆ.

ಸಬ್ ರಿಜಿಸ್ಟ್ರಾರ್ ಕಚೇರಿಯ ಪಟ್ಟಿಯಲ್ಲಿರುವ ಸರ್ಕಾರಿ ಮೌಲ್ಯ ಹಾಕಿದ್ದ. ಆ ಬೆಲೆಗೆ ಕುಕ್ಕುವಾಡದಲ್ಲಿ ಗದ್ದೆಯಿರಲಿ, ಬದು ಕೂಡ ಯಾರೂ ಕೊಡುವುದಿಲ್ಲ. ಗದ್ದೆಗೆ ಸರ್ಕಾರದ ದರ, ಕಾರಿಗೆ ಅಮೆರಿಕದ ದರ. ಹಾಗೆ ಕೂಡಿಸಿದಾಗ ನನ್ನ ಪಾಲೇ ಅವನದಕ್ಕಿಂತ ಎರಡು ಲಕ್ಷ ಹೆಚ್ಚಾಗಿತ್ತು.

"ಆ ಎರಡು ಲಕ್ಷ ನಾನು ಕೇಳಲ್ಲ ಬಿಡು. ತಂಗಿ ಅಂತ ಬಿಟ್ಟೀನಿ" ಎಂದ ಅಣ್ಣ.

"ಅಷ್ಟು ಬಾಳೋದಾದ್ರೆ ನೀನೇ ಇಟ್ಕೋ. ನನಗೆ ಗದ್ದೆ ಕೊಡು."

"ಆ ಡಬ್ಬ ಇಟ್ಕೊಂಡು ನಾನೇನ್ ಮಾಡ್ಲಿ?"

ಮಾತು ಬಾಯಿ ಜಾರಿತ್ತು. ಮಾವ ಕನ್ನಡಕದ ಮೇಲಿಂದ ಅವನನ್ನು ಒಮ್ಮೆ ನೋಡಿದರು. ಅಣ್ಣ ಕೆಮ್ಮಿ, ಹೆಣ್ಣುಮಕ್ಕಳಿಗೆ ಅರಿಸಿನ ಕುಂಕುಮ ಕೊಟ್ಟು ಉಡಿ ತುಂಬಿ ಕಳಿಸುವುದು ಮನೆತನದ ಪದ್ಧತಿ, ತಾನು ಅಷ್ಟಕ್ಕೇ ನಿಲ್ಲಿಸದೆ ನಲವತ್ತು ಲಕ್ಷದ ಆಸ್ತಿ ಕೊಡುತ್ತಿದ್ದೇನೆ ಎಂದು ಶುರು ಮಾಡಿದ. ಮೊಣಕೈಗೆ ಬೆಲ್ಲ ಹಚ್ಚಿ ನೆಕ್ಕು ಎನ್ನುವುದನ್ನು ಕೇಳಿದ್ದೆ. ಅದನ್ನು ಹಾಳೆಯ ಮೇಲೆ ಬರೆದು ಸಹಿ ಹಾಕು ಎಂದದ್ದು ಅದೇ ಮೊದಲು.

"ಮಾವ, ನನಗೆ ಹದಿನೈದು ದಿನ ಬೇಕು. ಈ ಕಾರಿನ ಬೆಲೆ ಎಷ್ಟು ಅಂತ ನಾನೇ ತಿಳ್ಕೊಂಡು ಬರ್ತೀನಿ."

"ನೀನು ತಿಳ್ಕೊಂಡು ಬರ್ತೀಯ?" ಅಣ್ಣ ಈಗ ನಕ್ಕ. "ಹೆಣ್ಮಕ್ಕಳಿಗೆ ಸ್ಕೂಟರ್ ಕಲಿಸ್ದಂಗಲ್ಲ ಇದು."

ಹೌದು, ನಾನು ಹೆಣ್ಣುಮಕ್ಕಳಿಗೆ ಸ್ಕೂಟರ್ ಕಲಿಸುತ್ತೇನೆ. ಹನ್ನೆರಡು ವರ್ಷದಿಂದ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮೈದಾನದಲ್ಲಿ, ಕಾಲೇಜು ಹುಡುಗಿಯರಿಂದ ಹಿಡಿದು ಮೊಮ್ಮಕ್ಕಳಿರುವ ಅಜ್ಜಿಯರವರೆಗೆ. ಅದು ನನ್ನ ಅನ್ನ. ಅದನ್ನು ಅಣ್ಣ ಯಾವಾಗಲೂ ಮೂಗಿನ ತುದಿಯಿಂದ ಹೇಳುತ್ತಾನೆ.

ಮಾವ ಹಾಳೆಯನ್ನು ಎರಡನೇ ಸಲ ಓದಿ ಮಡಚಿದರು. "ಹದಿನೈದು ದಿನ ಕೊಡ್ತೀನಿ ಕಣವ್ವ. ಆದ್ರೆ ಬಾಯಿಮಾತು ತರಬ್ಯಾಡ. ಯಾರು ಹೇಳಿದ್ರು, ಹೆಂಗೆ ಹೇಳಿದ್ರು, ಅದೂ ಬೇಕು."

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಈ ಕಥೆ ಕೇಳಿದವರೆಲ್ಲ, ಅಪ್ಪನ ಕಾರಲ್ಲವೇ, ಎಷ್ಟು ನೆನಪುಗಳಿರಬೇಕು ಎಂದು ಕಣ್ಣು ತೇವ ಮಾಡಿಕೊಳ್ಳಲು ಸಿದ್ಧರಾಗುತ್ತಾರೆ. ನನಗೆ ಆ ಕಾರಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಅಣ್ಣನಿಗೆ ಹದಿನಾರು ತುಂಬುವ ಮೊದಲೇ ಅಪ್ಪ ಅವನನ್ನು ತೊಡೆಗೆ ತೊಡೆ ತಾಗಿಸಿ ಕೂರಿಸಿಕೊಂಡು ಸ್ಟಿಯರಿಂಗ್ ಕೊಟ್ಟಿದ್ದರು. ನಾನೂ ಕಲಿಯುತ್ತೇನೆ ಎಂದಾಗ, "ನಿನಗೆ ಯಾಕ? ಹಿಂದೆ ಕೂಡ್ರು, ಕಿಟಕಿ ಐತೆ ನೋಡು" ಎಂದರು. ಹಾಗಾಗಿ ನನ್ನ ನೆನಪೆಲ್ಲ ಆ ಕಾರಿನ ಹಿಂದಿನ ಸೀಟಿನದು. ಮುಂದೆ ಕೂತ ಇಬ್ಬರ ತಲೆ, ಮಧ್ಯೆ ಒಂದು ತುಂಡು ರಸ್ತೆ. ನೆನಪಿಗೂ ಸೇರಿಸಿ ಬೆಲೆ ಕಟ್ಟಿದ್ದರೆ ನನ್ನ ಲೆಕ್ಕದಲ್ಲಿ ಅದು ಇನ್ನೂ ಇಳಿಯುತ್ತಿತ್ತು.

ಮರುದಿನ ತರಗತಿ ಮುಗಿಸಿ ನೇರ ಹರಿಹರಕ್ಕೆ ಹೋದೆ. ಕಾರಿಗೆ ಏನೇ ಆದರೂ ಅಪ್ಪ ಅಲ್ಲಿನ ಒಬ್ಬ ಮೇಸ್ತ್ರಿಯ ಬಳಿಯೇ ಒಯ್ಯುತ್ತಿದ್ದರು. ಅವರು ಬದುಕಿದ್ದಾರೋ ಇಲ್ಲವೋ ಗೊತ್ತಿರಲಿಲ್ಲ. ಲೇತ್ ಅಂಗಡಿಗಳ ಸಾಲಿನಲ್ಲಿ ನಾಲ್ಕು ಕಡೆ ಕೇಳಿದೆ. ಐದನೆಯವನು ಹೊಳೆಯ ಕಡೆಗೆ ಇಳಿಯುವ ಓಣಿಯೊಂದನ್ನು ತೋರಿಸಿದ. ಓಣಿಯ ಕೊನೆಗೆ ತಗಡಿನ ಶೆಡ್ಡು. ಒಳಗೆ ಎಪ್ಪತ್ತು ದಾಟಿದ ಸಣಕಲು ಮನುಷ್ಯ ಸ್ಟೂಲಿನ ಮೇಲೆ ಕೂತು ಕಾರ್ಬೊರೇಟರ್ ಒಂದನ್ನು ಬ್ರಶ್ಶಿನಿಂದ ತಿಕ್ಕುತ್ತಿದ್ದರು.

ಅಪ್ಪನ ಹೆಸರು ಹೇಳಿದೆ. ಬ್ರಶ್ಶು ನಿಂತಿತು.

"ಹತ್ತಿ ಸಾಹುಕಾರ್ರ ಮಗಳಾ? ಹಿಂದಿನ ಸೀಟಲ್ಲಿ ಕೂತು ಎಲ್ಲಾ ಪ್ರಶ್ನೆ ಕೇಳ್ತಿದ್ದೆ ನೋಡು, ಆ ಹುಡುಗಿನಾ? ಕೂಡ್ರು, ಕೂಡ್ರು."

ನನಗೆ ಅದು ನೆನಪಿರಲಿಲ್ಲ. ನಾನು ಬಂದ ಕೆಲಸ ಹೇಳಿದೆ. ಅಣ್ಣನ ಪ್ರಿಂಟಿನ ಫೋಟೋ ಮೊಬೈಲಿನಲ್ಲಿ ತೋರಿಸಿದೆ. ಅವರು ಅದನ್ನು ದೂರ ಹಿಡಿದು ನೋಡಿ ವಾಪಸು ಕೊಟ್ಟರು.

"ಇದು ಹೇಳೋ ಬೆಲೆ. ಕೈ ಬದಲಾದ ಬೆಲೆ ಅಲ್ಲ. ನಾನೂ ಈ ಸ್ಟೂಲಿಗೆ ಒಂದು ಕೋಟಿ ಅಂತ ಬೋರ್ಡ್ ಹಾಕ್ಬೋದು. ಇನ್ನೊಂದು, ಅಲ್ಲಿ ಒಂದು ಗಾಜು ಒಡದ್ರೆ ನಾಳೆ ಮನೆ ಬಾಗಿಲಿಗೆ ಗಾಜು ಬರ್ತೈತೆ. ಇಲ್ಲಿ ಆ ಗಾಜಿಗೆ ಎರಡು ವರ್ಷ ತಿರುಗ್ಬೇಕು. ಅಲ್ಲಿನ ಕಿಮ್ಮತ್ತು ಇಲ್ಲಿಗೆ ಹೆಂಗೆ ಬರ್ತೈತೆ?"

"ಹಾಗಾದ್ರೆ ಇಲ್ಲಿನ ಕಿಮ್ಮತ್ತು ಎಷ್ಟು?"

"ಕಾರು ನೋಡ್ದೆ ಹೇಳೋನು ಮೇಸ್ತ್ರಿ ಅಲ್ಲ, ದಲ್ಲಾಳಿ" ಎಂದು ಕೈ ಒರೆಸಿಕೊಂಡು ಎದ್ದರು. ಹಲಗೆಯ ಮೇಲಿಂದ ಒಂದು ಸಣ್ಣ ಅಯಸ್ಕಾಂತ ತೆಗೆದು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. "ನಡಿ, ಹೋಗಾನ."

ನನ್ನ ಸ್ಕೂಟರಿನ ಹಿಂದೆ ಕೂತು ಬಂದರು. ಸರ್ವಿಸ್ ರಸ್ತೆಯುದ್ದಕ್ಕೂ ನನ್ನ ವೇಗ, ಬ್ರೇಕು ಯಾವುದಕ್ಕೂ ಒಂದು ಮಾತು ಆಡಲಿಲ್ಲ. ದಾವಣಗೆರೆ ದಾಟಿ ಕುಕ್ಕುವಾಡದ ದಾರಿ ಹಿಡಿದಾಗ ಮಾತ್ರ, "ಚೆನ್ನಾಗಿ ಓಡಿಸ್ತೀಯ. ನಿಮ್ಮಣ್ಣ ಕ್ಲಚ್ ಮೇಲೆ ಕಾಲಿಟ್ಕೊಂಡೇ ಇರ್ತಿದ್ದ. ಎರಡು ಸಲ ಪ್ಲೇಟ್ ಹಾಕಿಕೊಟ್ಟೀನಿ" ಎಂದರು. ಆ ವಾರದಲ್ಲಿ ನನ್ನ ಕಿವಿಗೆ ಬಿದ್ದ ಅತ್ಯುತ್ತಮ ಮಾತು ಅದು.

ಶೆಡ್ಡಿನ ಬೀಗದ ಕೈ ಗದ್ದೆ ಮಾಡುತ್ತಿದ್ದ ಪಕ್ಕದ ಹೊಲದವನ ಬಳಿ ಇತ್ತು. ಬಾಗಿಲು ತೆಗೆದಾಗ ಇಲಿಗಳ ಗಬ್ಬು ಮುಖಕ್ಕೆ ಹೊಡೆಯಿತು. ಮೇಸ್ತ್ರಿ ಕಾರಿನ ಅಂದ ನೋಡಲು ನಿಲ್ಲಲಿಲ್ಲ. ಮೊದಲು ನೆಲದ ಮೇಲೆ ಅಂಗಾತ ಮಲಗಿ ಅದರ ಹೊಟ್ಟೆ ನೋಡಿದರು. ಆಮೇಲೆ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲಿನ ಕೆಳಗೆ, ಚಕ್ರದ ಕಮಾನಿಗೆ, ರೆಕ್ಕೆಗೆ ಹಿಡಿಯುತ್ತಾ ಬಂದರು. ಕೆಲವು ಕಡೆ ಟಕ್ಕೆಂದು ಅಂಟಿತು, ಕೆಲವು ಕಡೆ ಜಾರಿ ಬಿತ್ತು.

"ಜಾರಿದ ಕಡೆ ಕಬ್ಬಿಣ ಇಲ್ಲ. ತುಕ್ಕು ತಿಂದ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಾರೆ. ಬರ್ಕೋ."

ನಾನು ಬರೆದುಕೊಂಡೆ. ಅವರು ಚಾಪೆ ಎತ್ತಿದರು, ನೆಲದ ತಗಡಿನಲ್ಲಿ ಅಂಗೈ ಹೋಗುವಷ್ಟು ತೂತು. ಮುಂದಿನ ಗಾಜು ಅಸಲಿ, ಬಿರುಕಿಲ್ಲ. ಅದಕ್ಕೆ ಅವರು ಎರಡು ಸಲ ತಲೆಯಾಡಿಸಿದರು. ಮೈಮೇಲಿನ ಬೆಳ್ಳಿ ಬಣ್ಣದ ಪಟ್ಟಿಗಳಲ್ಲಿ ನಾಲ್ಕು ಇಲ್ಲ. ಚಾಸಿಸ್ ನಂಬರಿನ ಮೇಲಿನ ಕೊಳೆಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ನಾನು ತಂದಿದ್ದ ಹಳೆಯ ಆರ್‌ಸಿ ಪುಸ್ತಕದೊಂದಿಗೆ ಒಂದೊಂದೇ ಅಂಕಿ ಓದಿಸಿದರು. ಬರೋಬ್ಬರಿ ಇತ್ತು. ಕೊನೆಗೆ ಬಾನೆಟ್ ಎತ್ತಿದರು.

"ನಿಮ್ಮಣ್ಣನ ಫೋಟೋದಲ್ಲಿ ಇರೋದು ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಇದ್ರಲ್ಲಿ ಇರೋದು ಡೀಸೆಲ್. ನಾನೇ ಕೂರ್ಸಿದ್ದು. ಪೆಟ್ರೋಲ್ ರೇಟ್ ಏರ್ದಾಗ ನಿಮ್ಮಪ್ಪ ಹಟ ಹಿಡಿದು ಹಾಕ್ಸಿದ್ರು. ಕಾರು ಕೊಳ್ಳೋ ಶೋಕಿ ಜನ ಮೊದ್ಲು ನೋಡೋದೇ ಇದನ್ನ."

ಆರ್‌ಸಿ ಪುಸ್ತಕದಲ್ಲೂ ಹಳೆಯ ಎಂಜಿನ್ ನಂಬರಿಗೆ ಕೆಂಪು ಗೆರೆ ಎಳೆದು ಕೆಳಗೆ ಡೀಸೆಲ್ಲಿನ ನಂಬರು ಬರೆದಿದ್ದರು.

ಅವರು ಹಿಂದಿನ ಲೈಟು ನೋಡಲು ಹೋದಾಗ ನಾನು ಮುಂದಿನ ಬಾಗಿಲು ತೆಗೆದು ಸ್ಟಿಯರಿಂಗಿನ ಹಿಂದೆ ಕೂತೆ. ನಲವತ್ತೊಂಬತ್ತನೇ ವಯಸ್ಸಿನಲ್ಲಿ, ಮೊದಲ ಸಲ. ಸೀಟಿನ ಸ್ಪ್ರಿಂಗ್ ತೊಡೆಗೆ ಚುಚ್ಚಿತು. ಕಾಲು ಕ್ಲಚ್ಚಿಗೆ ಸಲೀಸಾಗಿ ಎಟುಕಿತು. ಎಟುಕುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು.

ಮುಂದಿನ ಒಂದು ವಾರ ಫೋನಿನಲ್ಲೇ ಕಳೆಯಿತು. ಮೇಸ್ತ್ರಿಯ ಡೈರಿಯಲ್ಲಿ ಇಂಥ ಕಾರು ಇಟ್ಟುಕೊಂಡಿದ್ದ ಮೂವರ ನಂಬರು ಸಿಕ್ಕಿತ್ತು. ನಾನು ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆ: ಎಷ್ಟು ಹೇಳಿದ್ದಿರಿ ಅಂತಲ್ಲ, ಎಷ್ಟು ಕೈಗೆ ಬಂತು? ಬಳ್ಳಾರಿಯವರು ಒಳ್ಳೆ ಸ್ಥಿತಿಯಲ್ಲಿ ಓಡುತ್ತಿದ್ದುದನ್ನು, ಅಸಲಿ ಎಂಜಿನ್ ಸಮೇತ, ಹದಿನಾರು ಲಕ್ಷಕ್ಕೆ ಕೊಟ್ಟಿದ್ದರು. ಶಿವಮೊಗ್ಗದವರದು ಕಳಚಿಟ್ಟ ಕಾರು, ಐದಕ್ಕೆ ಹೋಗಿತ್ತು. ಹುಬ್ಬಳ್ಳಿಯವರು ನಿವೃತ್ತ ಎಂಜಿನಿಯರ್. ತಾವು ಮಾರುವುದಿಲ್ಲ, ಕೊಳ್ಳುತ್ತೇವೆ ಎಂದು, ನಮ್ಮ ಕಾರಿನ ಬಗ್ಗೆ ಅರ್ಧ ಗಂಟೆ ನನ್ನನ್ನೇ ವಿಚಾರಿಸಿದರು.

ಮತ್ತೆ ಹರಿಹರಕ್ಕೆ ಹೋಗಿ ಮೇಸ್ತ್ರಿಯ ಮುಂದೆ ಕೂತೆ. ಅವರ ಲೆಕ್ಕ ಸರಳವಾಗಿತ್ತು. ಚೆನ್ನಾಗಿ ಓಡುವ ಕಾರು ಹದಿನಾರು. ನಮ್ಮದನ್ನು ಆ ಮಟ್ಟಕ್ಕೆ ತರಲು ಎಷ್ಟು ಬೇಕು? ತಗಡು, ಬಣ್ಣ, ಬೆಳ್ಳಿ ಕೆಲಸ, ಸೀಟು, ವೈರಿಂಗ್, ಕಾಗದಪತ್ರ, ಎಲ್ಲಕ್ಕೂ ಒಂದೊಂದು ಮೊತ್ತ. ಅಸಲಿ ಎಂಜಿನ್ ಹುಡುಕಿ ತರಲು ಮೂರು ಲಕ್ಷ. ಕೊಳ್ಳುವವನ ತಲೆನೋವಿಗೂ ಒಂದಿಷ್ಟು. "ಅವನೂ ಮನುಷ್ಯನೇ ಅಲ್ವಾ, ಅವನ ತಲೆನೋವಿಗೂ ಬೆಲೆ ಐತೆ." ಒಟ್ಟು ಹತ್ತು ಕಳೆಯಿತು. ಉಳಿದದ್ದು ಆರು.

"ಆರು ಲಕ್ಷ. ಇದು ನ್ಯಾಯದ ಸೌದಾ" ಎಂದರು. ನಾನು ಬರೆದುಕೊಂಡು ಎದ್ದೆ. ಅವರು ಏಳಲಿಲ್ಲ.

"ಇನ್ನೊಂದು ಐತೆ. ಮೊದಲ ದಿನವೇ ತೋರಿಸ್ಬೋದಿತ್ತು. ನೀನು ಬೆಲೆ ಕೇಳಾಕೆ ಬಂದೀಯೋ, ನಿನಗೆ ಬೇಕಾದ ಬೆಲೆ ಕೇಳಾಕೆ ಬಂದೀಯೋ ನೋಡ್ಬೇಕಿತ್ತು."

ಶೆಡ್ಡಿನ ಹಿಂದಿನ ಮೂಲೆಯಲ್ಲಿ ಹಳೆಯ ತಾಡಪಾಲು ಹೊದಿಸಿದ ಗುಡ್ಡೆಯೊಂದಿತ್ತು. ತಾಡಪಾಲು ಎಳೆದರು. ಮರದ ದಿಮ್ಮಿಗಳ ಮೇಲೆ ಗ್ರೀಸು ಬಳಿದು ಕೂರಿಸಿದ್ದ ಎಂಜಿನ್. ಆರು ಸಿಲಿಂಡರು. ಪಕ್ಕದಲ್ಲಿ ಒತ್ತಿದ್ದ ನಂಬರನ್ನು ಒರೆಸಿ, "ಓದು" ಎಂದರು. ಆರ್‌ಸಿಯಲ್ಲಿ ಕೆಂಪು ಗೆರೆ ಬಿದ್ದಿದ್ದ ನಂಬರು ಅದೇ.

"ಡೀಸೆಲ್ ಹಾಕ್ಸಿದ ದಿನ ನಿಮ್ಮಪ್ಪ ಹೇಳಿದ್ರು, ಇದನ್ನ ಇಲ್ಲೇ ಇಡು ಮೇಸ್ತ್ರಿ, ಪೆಟ್ರೋಲ್ ಅಗ್ಗ ಆದ ದಿನ ಬಂದು ಹಾಕಿಸ್ಕೊಂಡು ಹೋಗ್ತೀನಿ ಅಂತ."

ಇಬ್ಬರೂ ಆ ಎಂಜಿನ್ ನೋಡುತ್ತಾ ಒಟ್ಟಿಗೇ ನಕ್ಕೆವು.

"ಇಷ್ಟು ವರ್ಷ ಗುಜರಿಗೆ ಹಾಕ್ಲಿಲ್ವಾ?"

"ಇನ್ನೊಬ್ಬರ ಮಾಲು. ನಾನು ಹೆಂಗೆ ಹಾಕ್ಲಿ?"

ಹಾಗೆಂದರೆ ಕಾರಿನ ಬೆಲೆ ಆರಲ್ಲ, ಒಂಬತ್ತು. ಅದು ನನ್ನ ತಲೆಗೆ ಇಳಿಯಲು ಒಂದು ನಿಮಿಷ ಹಿಡಿಯಿತು. ಪಾಲಿನ ಲೆಕ್ಕದಲ್ಲಿ ಕಾರಿನ ಬೆಲೆ ಏರಿದಷ್ಟೂ ನನಗೆ ಬರಬೇಕಾದ ಗದ್ದೆ ಇಳಿಯುತ್ತದೆ. ಏರಿದ ಮೂರು ಲಕ್ಷದಲ್ಲಿ ಅರ್ಧ, ಗದ್ದೆಯ ಪೇಟೆ ದರದಲ್ಲಿ ಸುಮಾರು ಎರಡೂವರೆ ಗುಂಟೆ. ಒಂದು ಮನೆ ಕಟ್ಟುವಷ್ಟು ಜಾಗ.

ಮೇಸ್ತ್ರಿಗೆ ನನ್ನ ಮುಖ ಓದಲು ಬರುತ್ತಿತ್ತು. "ಪಾಲಾಗೋ ತನಕ ಇದು ಇಲ್ಲೇ ಇರ್ಲಿ ಬಿಡು. ಆಮೇಲೆ ಒಯ್ಯಿ. ನಾನು ಯಾರಿಗೂ ಹೇಳಲ್ಲ. ನಿಮ್ಮಣ್ಣ ನಿನಗೆ ಮಾಡ್ತಿರೋದಕ್ಕೆ ಇದು ಜಾಸ್ತಿಯೇನಲ್ಲ."

ಸುಳ್ಳು ಹೇಳುವುದಿಲ್ಲ: ಎರಡು ದಿನ ಹಾಗೇ ಮಾಡೋಣ ಎಂದುಕೊಂಡಿದ್ದೆ. ನಲವತ್ತು ಲಕ್ಷದ ಸುಳ್ಳಿನ ಎದುರು ಮೂರು ಲಕ್ಷ ಮುಚ್ಚಿಟ್ಟರೆ ಏನಾಯಿತು? ಬೆಳಿಗ್ಗೆ ಮೈದಾನದಲ್ಲಿ ಒಬ್ಬಳಿಗೆ ತಿರುವು ಕಲಿಸುತ್ತಾ, ಸಂಜೆ ರೊಟ್ಟಿ ತಟ್ಟುತ್ತಾ ಅದೇ ಯೋಚನೆ. ಗಂಡನಿಗೆ ಹೇಳಿದೆ. ಅವರು, "ಮುಚ್ಚಿಟ್ರೆ ಎರಡೂವರೆ ಗುಂಟೆ ಬರ್ತೈತೆ. ಹೇಳಿದ್ರೆ ಏನ್ ಬರ್ತೈತೆ?" ಎಂದರು. ಅವರು ಛೇಡಿಸಲಿಲ್ಲ, ನಿಜವಾಗಿ ಕೇಳಿದರು. ಆದರೆ ಮುಚ್ಚಿಟ್ಟರೆ ನಾನೂ ಅಣ್ಣನೂ ಬೇರೆ ಬೇರೆ ಊರಿನ ದರ ಹಿಡಿದು ಕೂತ ಒಂದೇ ತರದ ವ್ಯಾಪಾರಿಗಳಾಗುತ್ತೇವೆ ಎನಿಸಿತು. ಅವನ ಹಾಗೆ ಆಗಲು ನನಗೆ ಇಷ್ಟವಿರಲಿಲ್ಲ. ಅಷ್ಟೇ ಕಾರಣ. ದೊಡ್ಡ ಧರ್ಮವೇನೂ ಅದರಲ್ಲಿ ಇರಲಿಲ್ಲ, ಹಟ ಇತ್ತು.

ಹದಿನೈದನೇ ದಿನ ಮತ್ತೆ ಅದೇ ಹಾಲು, ಅದೇ ಕುರ್ಚಿಗಳು. ನಾನು ಬರೆದು ತಂದದ್ದನ್ನು ಓದಿದೆ. ತೂತು, ಪುಟ್ಟಿ, ಇಲ್ಲದ ಪಟ್ಟಿಗಳು, ಬಳ್ಳಾರಿಯ ಹದಿನಾರು, ಶಿವಮೊಗ್ಗದ ಐದು, ಡೀಸೆಲ್ ಎಂಜಿನ್. ಲೆಕ್ಕ ಆರಕ್ಕೆ ಬಂದು ನಿಂತಾಗ ಅಣ್ಣ ಬಾಯಿ ತೆಗೆಯುವ ಮೊದಲೇ ಮುಂದುವರಿಸಿದೆ: ಅಸಲಿ ಎಂಜಿನ್ ಹರಿಹರದಲ್ಲಿ ಸಿಕ್ಕಿದೆ, ನಂಬರು ತಾಳೆಯಾಗಿದೆ, ಫೋಟೋ ಇದು. ಆದ್ದರಿಂದ ಬೆಲೆ ಒಂಬತ್ತು ಲಕ್ಷ.

ನಾನು ಹೇಳಿದ್ದಕ್ಕೆ ಶಭಾಷ್ ಬರುತ್ತದೆ ಎಂದು ಎಲ್ಲೋ ಒಳಗೆ ಕಾಯುತ್ತಿದ್ದೆನೇನೋ. ಅಣ್ಣ ಚಪ್ಪಾಳೆ ತಟ್ಟಿದ.

"ನೋಡಿದ್ರಾ ಮಾವ? ಹದಿನೈದು ದಿನದಲ್ಲಿ ಆರಿದ್ದದ್ದು ಒಂಬತ್ತಾತು. ಇನ್ನೂ ಏನೇನು ಬಚ್ಚಿಟ್ಟಾಳೋ! ಇನ್ನೊಂದು ತಿಂಗಳು ಬಿಟ್ರೆ ನಲವತ್ತಕ್ಕೆ ತಾನೇ ಬರ್ತಾಳೆ."

ಹಾಳೆ ಕೆಳಗಿಟ್ಟು ಎದ್ದು ನಿಂತೆ.

"ಅಣ್ಣ, ಈಗ ನಿನ್ನನ್ನ ಒಂದೇ ಕೇಳ್ತೀನಿ. ಒಂಬತ್ತಕ್ಕೆ ಕಾರು ನೀನು ತಗೋ. ಆ ಒಂಬತ್ತಕ್ಕೆ ಸರಿಯಾಗಿ ನನಗೆ ಗದ್ದೆ ಬಿಡು. ಇಲ್ಲಾ, ಒಂಬತ್ತಕ್ಕೆ ನಾನು ತಗೋತೀನಿ, ನನ್ನ ಪಾಲಿನಲ್ಲಿ ಅಷ್ಟು ಮುರ್ಕೋ. ಎರಡರಲ್ಲಿ ಯಾವುದಾದ್ರೂ ಸೈ, ನಾನು ಇಲ್ಲೇ ಸಹಿ ಹಾಕ್ತೀನಿ. ನೀನು ನಲವತ್ತು ಬಾಳ್ತೈತೆ ಅಂತೀಯ. ನಲವತ್ತರದ್ದು ಒಂಬತ್ತಕ್ಕೆ ಬಿಡ್ತಿದೀನಿ. ತಗೋ."

ಅಣ್ಣ ಮಾವನ ಕಡೆ ನೋಡಿದ. ಮಾವ ಪ್ರಿಂಟಿನ ಕಡೆ ನೋಡಿದರು.

"ತಗೋಳಪ್ಪ. ಮೂವತ್ತೊಂದು ಲಕ್ಷ ಲಾಭ" ಎಂದರು ಮಾವ, ನಗದೆ.

"ಅದಲ್ಲ ಮಾವ, ನನಗೆ ಅದ್ರ ಉಪಯೋಗ..."

"ಮಾರು. ಮಾರಾಕೆ ಉಪಯೋಗ ಯಾಕ ಬೇಕು?"

ಆಗ ಅಡುಗೆಮನೆಯ ಬಾಗಿಲಿಂದ ಅತ್ತಿಗೆಯ ದನಿ ಬಂತು. ಅವಳು ನನ್ನ ಪರ ಮಾತಾಡುತ್ತಾಳೆ ಎಂದು ನಾನು ಕನಸಿನಲ್ಲೂ ನೆನೆದಿರಲಿಲ್ಲ. ನನ್ನ ಪರವಾಗಿ ಆಡಿದಳು ಎಂದೂ ಹೇಳಲಾಗದು. ಸೋರುವ ಪಾತ್ರೆಯನ್ನು ತೋರಿಸುವವಳಂತೆ ಹೇಳಿದಳು:

"ಒಂಬತ್ತಕ್ಕೇ ನಾವು ತಗೊಳ್ಳಲ್ಲ ಅಂದ್ಮೇಲೆ, ನಲವತ್ತು ಅಂತ ಇನ್ನೊಬ್ರಿಗೆ ಹೆಂಗೆ ಕೊಡೋದು ರೀ?"

ಅಣ್ಣ ಅವಳನ್ನು ಸುಟ್ಟುಬಿಡುವ ಹಾಗೆ ನೋಡಿದ. ಅವಳು ಒಳಗೆ ಹೋದಳು. ಮಾವ ಬಣ್ಣದ ಪ್ರಿಂಟನ್ನು ಮಡಚಿ ಅಣ್ಣನ ಕೈಗೆ ವಾಪಸು ಕೊಟ್ಟರು. "ಕೊಳ್ಳೋದಾದ್ರೂ ಅಷ್ಟೇ, ಕೊಡೋದಾದ್ರೂ ಅಷ್ಟೇ ಅಂತ ಒಬ್ಬರು ಹೇಳಿದ್ರೆ ಅದು ಬೆಲೆ. ಗದ್ದೆಗೂ ಪೇಟೆ ರೇಟ್ ಹಾಕು. ಹೊಸ ಹಾಳೆ ಬರಿ."

ಅಂಗಡಿಯಲ್ಲಿ ನಾನು ಪಾಲು ಕೇಳಲಿಲ್ಲ. ಕಾನೂನಿನಂತೆ ಕೇಳಬಹುದಿತ್ತು. ಆದರೆ ಇಪ್ಪತ್ತು ವರ್ಷ ಅದರ ಗಲ್ಲಾದಲ್ಲಿ ಕೂತು ಬೆಳೆಸಿದವನು ಅವನು. ಗದ್ದೆ ಮತ್ತು ಕಾರು ಸೇರಿಸಿ ಎರಡು ಪಾಲು ಎಂದೆ. ಅದಕ್ಕೂ ಅವನು ತಕ್ಷಣ ಒಪ್ಪಲಿಲ್ಲ. ಭೂಮಿ ಮನೆತನದ್ದು, ಬೇರೆ ಮನೆಗೆ ಹೋದವಳಿಗೆ ಯಾಕ ಎಂದು ಮೂರು ತಿಂಗಳು ಎಳೆದ. ಓಣಿಯ ಜನರೂ, "ಒಂದು ತುಂಡು ನೆಲಕ್ಕೆ ಅಣ್ಣನ್ನ ಕಳ್ಕೋತೀಯಾ?" ಎಂದು ನನಗೇ ಬುದ್ಧಿ ಹೇಳಿದರು. ಅಣ್ಣನಿಗೆ ಯಾರೂ, ಒಂದು ತುಂಡು ನೆಲಕ್ಕೆ ತಂಗಿಯನ್ನು ಕಳೆದುಕೊಳ್ಳುತ್ತೀಯಾ ಎಂದು ಕೇಳಿದ್ದು ನನಗೆ ಗೊತ್ತಿಲ್ಲ. ವಕೀಲರಿಂದ ಒಂದು ನೋಟಿಸ್ ಕಳಿಸಿದೆ. ನಾಲ್ಕನೇ ತಿಂಗಳು ಅವನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ನನ್ನ ಮುಖ ನೋಡದೆ ಹೆಬ್ಬೆಟ್ಟು ಒತ್ತಿ, ಸಹಿ ಹಾಕಿ ಹೋದ. ನನಗೆ ಬಂದದ್ದು ಒಂದು ಎಕರೆ ಹದಿಮೂರು ಗುಂಟೆ, ಮತ್ತು ಕಾರು.

ಕಾರು ನನ್ನ ಹೆಸರಿಗಾದ ಮೇಲೆ ಹುಬ್ಬಳ್ಳಿಯ ಎಂಜಿನಿಯರ್ ನೋಡಲು ಬಂದರು. ಕೈಯಲ್ಲಿ ಟಾರ್ಚು, ಜೊತೆಗೆ ಅವರದೇ ಅಯಸ್ಕಾಂತ. ಅವರು ಶುರು ಮಾಡುವ ಮೊದಲೇ ನಾನು ದೋಷಗಳ ಪಟ್ಟಿ ಕೈಗಿಟ್ಟೆ. ಹತ್ತೊಂಬತ್ತು ಇದ್ದವು.

"ಇದ್ರಲ್ಲಿ ಬರೀದೇ ಇರೋದು ಏನಾದ್ರೂ ಕಂಡ್ರೆ ಹೇಳ್ರಿ, ಇಳಿಸ್ತೀನಿ. ಬರ್ದಿರೋದಕ್ಕೆ ಚೌಕಾಸಿ ಬ್ಯಾಡ. ಅದನ್ನೆಲ್ಲ ಕಳೆದೇ ಒಂಬತ್ತು."

ಅವರು ಎರಡು ತಾಸು ಕಾರಿನ ಸುತ್ತ ಬಗ್ಗಿ, ಎದ್ದು, ಬೆವರಿ, ಕೊನೆಗೆ ಒಂದನ್ನು ಹಿಡಿದರು. ಎಡಗಡೆಯ ಸಣ್ಣ ತಿರುಗುವ ಗಾಜು ಅಸಲಿಯಲ್ಲ, ಯಾರೋ ಕತ್ತರಿಸಿ ಕೂರಿಸಿದ್ದು. ಮೇಸ್ತ್ರಿ ಕೂಡ ಅದನ್ನು ನೋಡಿರಲಿಲ್ಲ. ನಾನು ಐದು ಸಾವಿರ ಇಳಿಸಿದೆ.

"ಏಳೂವರೆಗೆ ಮುಗಿಸಾನ ಮೇಡಂ. ನಗದು ತಂದೀನಿ. ಹೆಣ್ಮಕ್ಕಳು ನೀವು, ಇದನ್ನ ಇಟ್ಕೊಂಡು ಎಲ್ಲಿ ಒದ್ದಾಡ್ತೀರಿ?"

"ಒದ್ದಾಡೋದು ನನಗೆ ರೂಢಿ ಐತ್ರಿ. ಎಂಟು ತೊಂಬತ್ತೈದು."

ಅವರು ನಮಸ್ಕಾರ ಹೇಳಿ ತಮ್ಮ ಗಾಡಿ ಹತ್ತಿ ಹೋದರು. ನಾನು ಶೆಡ್ಡಿನ ಬಾಗಿಲು ಹಾಕಿ ಬೀಗ ಜಡಿದೆ. ಮತ್ತೆ ಯಾರು ಬರುತ್ತಾರೋ, ಯಾವಾಗ ಬರುತ್ತಾರೋ. ಆದರೂ ಫೋನ್ ಮಾಡಲಿಲ್ಲ. ಗದ್ದೆಯ ಬದು ಒಂದು ಸುತ್ತು ನೋಡಿ ಬಂದು ಸ್ಕೂಟರ್ ಹತ್ತುವಷ್ಟರಲ್ಲಿ ಅವರ ಗಾಡಿ ಕಾಲುವೆಯ ಏರಿಯ ಮೇಲೆ ಹಿಂದಕ್ಕೆ ಬರುತ್ತಿರುವುದು ಕಂಡಿತು. ಊರಿನ ಬಾಗಿಲ ಟೀ ಅಂಗಡಿಯವರೆಗೆ ಹೋಗಿ ಒಂದು ಟೀ ಕುಡಿದು ತಿರುಗಿ ಬಂದಿದ್ದರು.

"ಬೀಗ ತೆಗೀರಿ ಮೇಡಂ" ಎಂದರು.

ಹರಿಹರದ ಎಂಜಿನನ್ನೂ ಅವರೇ ಒಯ್ದರು. ಇಷ್ಟು ವರ್ಷ ಕಾದದ್ದಕ್ಕೆ ಎಂದು ನಾನು ಕೊಡಲು ಹೋದದ್ದನ್ನು ಮೇಸ್ತ್ರಿ ತೆಗೆದುಕೊಳ್ಳಲಿಲ್ಲ. ಬಹಳ ಒತ್ತಾಯಿಸಿದಾಗ ಜಾಗದ ಬಾಡಿಗೆ ಎಂದು ಒಂದು ಮೊತ್ತ ಹೇಳಿದರು. ಅದು ಸರಿಯಾದ ಬೆಲೆಯೇ ಎಂಬುದು ಈಗಲೂ ನನಗೆ ಅನುಮಾನ. ಕಡಿಮೆ ಹೇಳಿದರು.

ಒಂದೂವರೆ ವರ್ಷದ ನಂತರ ನೆಂಟರ ಮದುವೆಯೊಂದರಲ್ಲಿ ಅಣ್ಣ ಎದುರಾದ. ಅಲ್ಲಿಯವರೆಗೆ ನನ್ನೊಡನೆ ಮಾತು ಬಿಟ್ಟಿದ್ದವನು ತಾನೇ ನಡೆದು ಬಂದ. ಕೈಯಲ್ಲಿ ಮೊಬೈಲು. ಅದರಲ್ಲಿ ನಮ್ಮ ಕಾರು, ಬೆಂಗಳೂರಿನ ಯಾವುದೋ ಪ್ರದರ್ಶನದಲ್ಲಿ, ಕೆನೆ ಬಣ್ಣ ಬಳಿಸಿಕೊಂಡು, ಎಲ್ಲ ಬೆಳ್ಳಿ ಪಟ್ಟಿಗಳೂ ಜಾಗಕ್ಕೆ ಬಂದು ಮಿರಮಿರ ಮಿಂಚುತ್ತಿತ್ತು.

"ಇಪ್ಪತ್ತೆರಡಕ್ಕೆ ಕೇಳಿದಾರಂತೆ. ನೀನು ಒಂಬತ್ತಕ್ಕೆ ಕಳ್ಕೊಂಡೆ." ಸುತ್ತಲಿನ ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದ.

ನಾನು ಫೋಟೋ ಪೂರ್ತಿ ನೋಡಿದೆ. ಚೆನ್ನಾಗಿ ಮಾಡಿಸಿದ್ದರು. ಎಡಗಡೆಯ ಸಣ್ಣ ಗಾಜು ಕೂಡ ಸರಿಯಾದದ್ದು ಸಿಕ್ಕಿತ್ತು.

"ಕಳ್ಕೊಂಡಿಲ್ಲ, ಮಾರೀನಿ" ಎಂದೆ. "ಅವರು ಒಂದೂವರೆ ವರ್ಷ ಅದಕ್ಕೆ ಮೈ, ದುಡ್ಡು ಎರಡೂ ಹಾಕಿದಾರೆ. ಇಪ್ಪತ್ತೆರಡು ಅವರದ್ದು. ಅವತ್ತು ಶೆಡ್ಡಲ್ಲಿ ಇಲಿ ಹೊಲಸಿನ ಮಧ್ಯೆ ನಿಂತಿದ್ದ ಕಾರಿಗೆ ಎಷ್ಟು ಬರ್ಬೇಕಿತ್ತೋ ಅಷ್ಟು ನನಗೆ ಬಂದೈತೆ. ನಾಳೆ ಅಷ್ಟೇ ಕೊಟ್ಟು ಇನ್ನೊಂದು ಸಲ ಮಾರು ಅಂದ್ರೂ ಮಾರ್ತೀನಿ. ನೀನೂ ತಗೋಬೋದಿತ್ತು. ಮಾವನ ಎದುರಿಗೇ ಕೇಳಿದ್ದೆ."

ಅವನು ಏನೋ ಹೇಳಲು ಹೋದ. ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿದ್ದಾರೆ ಎಂದು ಯಾರೋ ಕೂಗಿದರು. ಗಂಡಸರದಾಗಲಿ ಆಮೇಲೆ ಹೆಂಗಸರು ಎಂದು ಅಡುಗೆಯವರು ತಡೆಯುತ್ತಿದ್ದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಮೊದಲ ಪಂಕ್ತಿಯಲ್ಲೇ ಕೂತೆ. ಅತ್ತಿಗೆ ಒಂದು ಗಳಿಗೆ ಅತ್ತಿತ್ತ ನೋಡಿ, ನನ್ನ ಪಕ್ಕದ ಎಲೆಗೆ ಬಂದಳು. ಅಣ್ಣ ಎದುರಿನ ಸಾಲಿನಲ್ಲಿ ಕೂತು ಎಲೆಗೆ ನೀರು ಚಿಮುಕಿಸಿಕೊಂಡ.